ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ: ಹೊಸ ವೇತನ ಸಂಹಿತೆ ಮಲೆನಾಡಿನ ತೋಟಕ್ಕೆ ಇಳಿದೀತೇ?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯ ಕಡೆ ಅದು ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಚಪ್ಪರ ಎದ್ದು, ಸುಲಿಯುವವರು ಸಾಲಾಗಿ ಕೂರುವ ದಿನಗಳು. ಆಗ ಜನರಿಗೆ ತಲುಪಿದ ಸುದ್ದಿ ಎರಡು ಬಗೆಯದು. ‘ಸಮಾನ ಸಂಭಾವನೆ ಕಾಯ್ದೆ ರದ್ದಾಯಿತು’ ಎಂಬುದು ಒಂದು. ‘ಹೆಣ್ಣಿಗೂ ಗಂಡಿಗೂ ಸಮಾನ ವೇತನ ಇನ್ನು ಖಾತರಿ’ ಎಂಬುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡೂ ನಿಜ. ಗೊಂದಲ ಹುಟ್ಟಿದ್ದೇ ಅಲ್ಲಿ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವುದು ಕಾನೂನಿಗೆ ವಿರುದ್ಧವೆಂಬ ಸಂಗತಿಯೇ ಮಲೆನಾಡಿನ ಬಹುಪಾಲು ಮನೆಗಳಿಗೆ ಹೊಸದಾಗಿ ಕೇಳಿಸುತ್ತದೆ. ಅರ್ಧ ಶತಮಾನದಿಂದ ಇದ್ದ ಕಾನೂನು ತೋಟದ ಬೇಲಿಯಾಚೆಯೇ ಉಳಿದಿತ್ತು. ಹಳೆಯದು ಏಕೆ ಒಳಗೆ ಬರಲಿಲ್ಲ ಎಂಬುದನ್ನು ತಿಳಿಯದೆ, ಹೊಸದು ಬಂದೀತೇ ಎಂಬುದಕ್ಕೆ ಉತ್ತರ ಹುಡುಕಲಾಗದು.

ರದ್ದಾದದ್ದು ಯಾವುದು, ಉಳಿದದ್ದು ಯಾವುದು

ಸಮಾನ ದುಡಿಮೆಗೆ ಸಮಾನ ವೇತನ ಎಂಬ ಮಾತು ಸಂವಿಧಾನದ 39ನೇ ವಿಧಿಯಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ವಗಳ ನಡುವೆ ಇದೆ. ನಿರ್ದೇಶಕ ತತ್ವವನ್ನು ಹಿಡಿದು ನೇರವಾಗಿ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಾನ ವೇತನದ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟದ್ದು 1958ರಲ್ಲಿ. ಅದನ್ನು ದೇಶದ ಕಾನೂನಾಗಿ ಮಾಡಲು ಹಿಡಿದದ್ದು ಇನ್ನೂ ಹದಿನೇಳು ವರ್ಷ. ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಸಮಾನ ಸಂಭಾವನೆ ಕಾಯ್ದೆಯಾಯಿತು.

ಈಗ ಆ ಕಾಯ್ದೆಯೂ, 1948ರ ಕನಿಷ್ಠ ವೇತನ ಕಾಯ್ದೆಯೂ, ವೇತನ ಪಾವತಿ ಮತ್ತು ಬೋನಸ್ ಕಾಯ್ದೆಗಳೂ ಸೇರಿ 2019ರ ವೇತನ ಸಂಹಿತೆಯೊಳಗೆ ಕರಗಿವೆ. ಸಂಹಿತೆಯ 3ನೇ ಕಲಮು ಹೇಳುವುದು ಇಷ್ಟು: ಒಬ್ಬನೇ ಮಾಲೀಕನ ಕೈಕೆಳಗೆ ಒಂದೇ ಕೆಲಸವನ್ನೋ ಒಂದೇ ಬಗೆಯ ಕೆಲಸವನ್ನೋ ಮಾಡುವವರಿಗೆ ಲಿಂಗದ ಕಾರಣಕ್ಕೆ ಬೇರೆ ಬೇರೆ ವೇತನ ಕೊಡುವಂತಿಲ್ಲ, ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ತಾರತಮ್ಯ ಮಾಡುವಂತಿಲ್ಲ. ಸಮ ಮಾಡುವ ನೆಪದಲ್ಲಿ ಹೆಚ್ಚು ಪಡೆಯುತ್ತಿದ್ದವರ ಕೂಲಿಯನ್ನು ಇಳಿಸಲೂ ಬರುವುದಿಲ್ಲ. ಅಂದರೆ ಹೆಣ್ಣಾಳಿನ ಕೂಲಿ ಮೇಲಕ್ಕೆ ಬರಬೇಕೇ ಹೊರತು ಗಂಡಾಳಿನದು ಕೆಳಗೆ ಇಳಿಯಬಾರದು.

ಗಳಿಕೆ ಇದೆ, ನಷ್ಟವೂ ಇದೆ. ಹಳೆಯ ಕಾಯ್ದೆ ಗಂಡು ಮತ್ತು ಹೆಣ್ಣು ಎಂಬ ಎರಡನ್ನೇ ಹೆಸರಿಸಿತ್ತು. ಹೊಸದು ಲಿಂಗ ಎನ್ನುವುದರಿಂದ ಲಿಂಗತ್ವ ಅಲ್ಪಸಂಖ್ಯಾತರೂ ಅದರ ಆಶ್ರಯಕ್ಕೆ ಬರುತ್ತಾರೆ. ಆದರೆ ಹಳೆಯ ಕಾಯ್ದೆ ಬಡ್ತಿ, ತರಬೇತಿ, ವರ್ಗಾವಣೆಗಳನ್ನು ಬಾಯಿಬಿಟ್ಟು ಹೇಳಿತ್ತು. ಹೊಸದರಲ್ಲಿ ಆ ಜಾಗದಲ್ಲಿ ‘ಉದ್ಯೋಗದ ಷರತ್ತುಗಳು’ ಎಂಬ ಸಾಮಾನ್ಯ ಮಾತು ಇದೆ. ಬಡ್ತಿ ಅದರೊಳಗೆ ಬರುತ್ತದೆಯೇ ಎಂಬುದನ್ನು ಇನ್ನು ನ್ಯಾಯಾಲಯಗಳು ಹೇಳಬೇಕು. ಸ್ಪಷ್ಟವಾಗಿದ್ದುದನ್ನು ಅಸ್ಪಷ್ಟಗೊಳಿಸುವ ಅಗತ್ಯ ಏನಿತ್ತೆಂಬುದು ಅರ್ಥವಾಗುವುದಿಲ್ಲ.

ತೋಟದಲ್ಲಿ ಕೆಲಸ ಹಂಚಿಕೆಯಾಗುವ ಬಗೆ

ಕಾನೂನು ಹೋಲಿಸಲು ಹೊರಡುವುದು ‘ಒಂದೇ ಬಗೆಯ ಕೆಲಸ’ವನ್ನು. ಅಡಿಕೆ ತೋಟದಲ್ಲಿ ಇಡೀ ವರ್ಷದ ದುಡಿಮೆಯೇ ಹೆಣ್ಣು ಕೆಲಸ, ಗಂಡು ಕೆಲಸ ಎಂದು ಎರಡಾಗಿ ಹಂಚಿಹೋಗಿದೆ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಕೊಯ್ಲಿನಲ್ಲಿ ಮರ ಏರಿ ಕೊನೆ (ಅಡಿಕೆ ಗೊನೆ) ತೆಗೆಯುವುದು, ಕಪ್ಪು (ತೋಟದ ಬಸಿಗಾಲುವೆ) ತೆಗೆಯುವುದು ಗಂಡಸರದ್ದು. ಇವುಗಳಿಗೆ ದರ ಹೆಚ್ಚು. ಕೊನೆಗಾರ ಸಿಗದೆ ಕೊಯ್ಲು ನಿಂತುಹೋಗುವುದು ಪ್ರತಿವರ್ಷದ ಗೋಳು. ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ಹಾಸುವುದು, ಬುಟ್ಟಿಯಲ್ಲಿ ಗೊಬ್ಬರ ಹೊರುವುದು, ಕಳೆ ತೆಗೆಯುವುದು, ಉದುರಿದ ಅಡಿಕೆ ಹೆಕ್ಕುವುದು, ಸುಲಿಯುವುದು, ಬೇಯಿಸಿದ್ದನ್ನು ಹರವಿ ಒಣಗಿಸುವುದು, ಆರಿಸುವುದು ಬಹುಪಾಲು ಹೆಂಗಸರದ್ದು. ಇವುಗಳಿಗೆ ದರ ಕಡಿಮೆ.

ಇವೆರಡರ ನಡುವೆ ಇಬ್ಬರೂ ಕೂಡಿ ಮಾಡುವ ಕೆಲಸಗಳೂ ಇವೆ. ಮಣ್ಣು ಅಗೆಯುವವನು ಗಂಡಸು, ಬುಟ್ಟಿ ತುಂಬಿ ಹೊತ್ತು ಏರಿ ಹತ್ತುವವಳು ಹೆಂಗಸು. ಕಳೆ ಕೊಚ್ಚುವಲ್ಲಿ, ಶುಂಠಿ ಕೀಳುವಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿರುತ್ತಾರೆ. ಅಲ್ಲಿಯೂ ಸಂಜೆ ಕೈಗೆ ಬರುವ ದುಡ್ಡು ಬೇರೆಯೇ. ಇದು ಒಂದು ಊರಿನ ಕಥೆಯೂ ಅಲ್ಲ. ಕೇಂದ್ರದ ಕಾರ್ಮಿಕ ಬ್ಯೂರೊ ಪ್ರಕಟಿಸುವ ಗ್ರಾಮೀಣ ಕೂಲಿ ದರಗಳ ಪಟ್ಟಿಯಲ್ಲೇ ಗಂಡಸರಿಗೊಂದು, ಹೆಂಗಸರಿಗೊಂದು ಅಂಕಣವಿರುತ್ತದೆ.

ಸುಲಿತವನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ತಿರುಳು ಸಿಗುತ್ತದೆ. ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಹಸಿ ಕಾಯಿಯನ್ನು ಅಲಗಿಗೆ ಕೊಟ್ಟು, ತಿರುಗಿಸಿ ಸಿಪ್ಪೆ ಬಿಡಿಸಬೇಕು. ಒಳಗಿನ ಬೇಳೆಗೆ ಕತ್ತಿ ತಾಗಿದರೆ ಮಾಲು ಕೆಟ್ಟಿತು, ಬೆರಳಿಗೆ ತಾಗಿದರೆ ಮರುದಿನದ ದುಡಿಮೆ ಹೋಯಿತು. ಚೊಗರಿಗೆ ಕೈ ಕಪ್ಪಾಗಿ ವಾರಗಟ್ಟಲೆ ಬಣ್ಣ ಬಿಡುವುದಿಲ್ಲ. ಕೊಯ್ದ ಕಾಯಿ ಹಣ್ಣಾಗುವ ಮೊದಲೇ ಸುಲಿದು ಮುಗಿಯಬೇಕಾದ್ದರಿಂದ ರಾತ್ರಿಯವರೆಗೂ ದೀಪದಡಿ ಕೂರಬೇಕು. ಇದಕ್ಕೆ ದಿನಗೂಲಿ ಇಲ್ಲ. ಕಿಲೋಗೆ ಇಷ್ಟು ಅಥವಾ ಡಬ್ಬಕ್ಕೆ ಇಷ್ಟು. ಮರ ಏರುವ ಗಂಡಸಿನ ಕೆಲಸದಲ್ಲಿ ಕೌಶಲವನ್ನು ಕಾಣುವ ಕಣ್ಣು, ಮೆಟ್ಟುಗತ್ತಿಯ ಮೇಲೆ ನಡೆಯುವ ಕೆಲಸದಲ್ಲಿ ಅದನ್ನು ಕಾಣುವುದಿಲ್ಲ. ‘ಕೂತು ಮಾಡುವ ಕೆಲಸ’ ಎಂಬ ಒಂದೇ ಮಾತಿನಲ್ಲಿ ಅದರ ಬೆಲೆ ತೀರ್ಮಾನವಾಗಿಬಿಡುತ್ತದೆ.

‘ಒಂದೇ ಬಗೆಯ ಕೆಲಸ’ವನ್ನು ಅಳೆಯುವುದು ಹೇಗೆ

ಸಂಹಿತೆ ಇದಕ್ಕೆ ವ್ಯಾಖ್ಯೆ ಕೊಟ್ಟಿದೆ. ಕೌಶಲ, ಶ್ರಮ, ಅನುಭವ, ಹೊಣೆಗಾರಿಕೆ ಈ ನಾಲ್ಕೂ ಸಮನಾಗಿದ್ದು, ಕೆಲಸದ ಪರಿಸ್ಥಿತಿಯೂ ಒಂದೇ ತೆರನಾಗಿದ್ದರೆ ಅದು ಒಂದೇ ಬಗೆಯ ಕೆಲಸ. ಸಣ್ಣಪುಟ್ಟ ವ್ಯತ್ಯಾಸಗಳಿಗೆ ವ್ಯವಹಾರದಲ್ಲಿ ಮಹತ್ವವಿಲ್ಲದಿದ್ದರೆ ಅವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಇದನ್ನು ಹೇಗೆ ಓದಬೇಕೆಂದು ಸುಪ್ರೀಂ ಕೋರ್ಟ್ 1987ರಲ್ಲೇ ತಿಳಿಸಿದೆ. ಮ್ಯಾಕಿನಾನ್ ಮೆಕೆಂಜಿ ಕಂಪನಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದ ಆಡ್ರಿ ಡಿಕೋಸ್ಟಾ ಅವರಿಗೆ ಅದೇ ಕೆಲಸದ ಗಂಡಸರಿಗಿಂತ ಕಡಿಮೆ ಸಂಬಳವಿತ್ತು. ನೌಕರರ ಸಂಘದೊಂದಿಗೆ ಆದ ಒಪ್ಪಂದದಂತೆಯೇ ಸಂಬಳ ಕೊಡುತ್ತಿದ್ದೇವೆ ಎಂದು ಕಂಪನಿ ವಾದಿಸಿತು. ಹಣಕಾಸಿನ ಸ್ಥಿತಿ ಚೆನ್ನಾಗಿಲ್ಲ ಎಂದೂ ಹೇಳಿತು. ನ್ಯಾಯಾಲಯ ಎರಡನ್ನೂ ಒಪ್ಪಲಿಲ್ಲ. ಎರಡು ಕೆಲಸಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕಿಲ್ಲ, ವಿಶಾಲ ದೃಷ್ಟಿಯಿಂದ ನೋಡಬೇಕು. ಕಾಯ್ದೆ ಪಾಲಿಸುವುದು ಮಾಲೀಕನ ಹಣಕಾಸಿನ ಶಕ್ತಿಯ ಮೇಲೆ ನಿಂತಿಲ್ಲ ಎಂದಿತು.

ಈ ತೀರ್ಪನ್ನು ತೋಟಕ್ಕೆ ತಂದರೆ ಎರಡು ಸಂಗತಿ ಸ್ಪಷ್ಟ. ಒಂದೇ ಸಾಲಿನಲ್ಲಿ ಕಳೆ ಕೊಚ್ಚುವ, ಶುಂಠಿ ಕೀಳುವ ಗಂಡಾಳು ಹೆಣ್ಣಾಳುಗಳ ಕೂಲಿಯಲ್ಲಿ ವ್ಯತ್ಯಾಸ ಮಾಡುವುದು ನೇರ ಉಲ್ಲಂಘನೆ. ‘ಊರಿನ ದರವೇ ಹಾಗಿದೆ’ ಎಂಬುದು ಸಮರ್ಥನೆಯಾಗದು. ಹಕ್ಕು ಬಿಟ್ಟುಕೊಟ್ಟೆವೆಂದು ಆಳುಗಳೇ ಒಪ್ಪಿಕೊಂಡಿದ್ದರೂ ಅಂಥ ಒಪ್ಪಂದಕ್ಕೆ ಬೆಲೆಯಿಲ್ಲವೆಂದು ಸಂಹಿತೆ ಹೇಳುತ್ತದೆ.

ಆದರೆ ಕೊನೆ ತೆಗೆಯುವುದನ್ನೂ ಸುಲಿಯುವುದನ್ನೂ ಹೋಲಿಸಿ ಎಂದು ಕೇಳಿದರೆ ಸಂಹಿತೆಯಲ್ಲಿ ಉತ್ತರವಿಲ್ಲ. ಅದು ಹೋಲಿಸುವುದು ಒಂದೇ ಬಗೆಯ ಕೆಲಸವನ್ನು ಮಾತ್ರ. ಬೇರೆ ಬಗೆಯದಾದರೂ ಸಮಾನ ಮೌಲ್ಯದ ಕೆಲಸವನ್ನಲ್ಲ. 1958ರಲ್ಲಿ ಭಾರತ ಒಪ್ಪಿಕೊಂಡ ಒಡಂಬಡಿಕೆ ಮಾತನಾಡುವುದು ಸಮಾನ ಮೌಲ್ಯದ ದುಡಿಮೆಯ ಬಗ್ಗೆ. ನಮ್ಮ ಕಾನೂನು 1976ರಲ್ಲಿಯೂ ಅಷ್ಟು ದೂರ ಹೋಗಲಿಲ್ಲ, 2019ರಲ್ಲಿಯೂ ಹೋಗಲಿಲ್ಲ. ಕೆಲಸವನ್ನು ಮೊದಲೇ ಹೆಣ್ಣಿನದು ಗಂಡಿನದು ಎಂದು ಹಂಚಿಬಿಟ್ಟರೆ ಹೋಲಿಸಲು ಎದುರಿಗೆ ಯಾರೂ ಇರುವುದಿಲ್ಲ. ಮಲೆನಾಡಿನಲ್ಲಿ ಕಾನೂನು ಜಾರಿಬಿದ್ದಿರುವುದು ಇದೇ ಜಾಗದಲ್ಲಿ.

ಬೆಳೆಗಾರರ ಮಾತು

ತೋಟದವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮಲೆನಾಡಿನ ಬಹುಪಾಲು ಹಿಡುವಳಿಗಳು ಸಣ್ಣವು. ಎಲೆಚುಕ್ಕೆ ರೋಗ ಹೊಸನಗರ, ತೀರ್ಥಹಳ್ಳಿ ಭಾಗವನ್ನು ಹಿಂಡಿದೆ. ಶೃಂಗೇರಿ, ಕೊಪ್ಪದಲ್ಲಿ ಹಳದಿ ಎಲೆ ರೋಗ ಎಷ್ಟೋ ತೋಟಗಳನ್ನು ಬರಿದು ಮಾಡಿದೆ. ಅಡಿಕೆ ಧಾರಣೆ ಬೆಳೆಗಾರನ ಕೈಯಲ್ಲಿಲ್ಲ. ವೆಚ್ಚದಲ್ಲಿ ದೊಡ್ಡ ಪಾಲು ಕೂಲಿಯದೇ. ಹೀಗಿರುವಾಗ ಕೂಲಿ ಏರಿಸೆಂದರೆ ಎಲ್ಲಿಂದ ತರುವುದು ಎಂಬ ಪ್ರಶ್ನೆಯಲ್ಲಿ ಸುಳ್ಳಿಲ್ಲ. ಹೆಂಗಸರು ಮನೆಗೆಲಸ ಮುಗಿಸಿ ತಡವಾಗಿ ಬರುತ್ತಾರೆ, ಭಾರದ ಕೆಲಸ ಮಾಡುವುದಿಲ್ಲ ಎಂಬುದು ಅವರ ಇನ್ನೊಂದು ಮಾತು.

ತಡವಾಗಿ ಬಂದರೆ ಗಂಟೆ ಲೆಕ್ಕದಲ್ಲಿ ಕೂಲಿ ಇಳಿಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ಅದು ತಡವಾಗಿ ಬಂದ ಗಂಡಸಿಗೂ ಅನ್ವಯಿಸಬೇಕು, ಹೊತ್ತಿಗೆ ಸರಿಯಾಗಿ ಬಂದ ಹೆಂಗಸಿಗೆ ಪೂರ್ತಿ ಕೂಲಿ ಸಿಗಬೇಕು. ಸದ್ಯದ ಪದ್ಧತಿಯಲ್ಲಿ ಕೂಲಿ ತೀರ್ಮಾನವಾಗುವುದು ಗಡಿಯಾರ ನೋಡಿ ಅಲ್ಲ, ಯಾರು ಬಂದರೆಂದು ನೋಡಿ. ಭಾರದ ವಾದವೂ ಪೂರ್ತಿ ನಿಲ್ಲುವುದಿಲ್ಲ. ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಹಗುರವೇನಲ್ಲ. ಅದನ್ನು ಹೊತ್ತು ದಿಬ್ಬ ಏರುವವರು ಹೆಂಗಸರೇ.

ಬೆಳೆಗಾರನ ಕಷ್ಟ ನಿಜವಾದದ್ದು. ಅದಕ್ಕೆ ಧಾರಣೆ, ರೋಗ ಪರಿಹಾರ, ಬೆಳೆ ವಿಮೆಯ ಕಡೆಯಿಂದ ಉತ್ತರ ಹುಡುಕಬೇಕು. ಧಾರಣೆ ಏರಿದ ವರ್ಷಗಳಲ್ಲಿ ಗಂಡಾಳು ಹೆಣ್ಣಾಳಿನ ಅಂತರ ತಾನಾಗಿ ಮುಚ್ಚಿಹೋಗಿದ್ದರೆ ಬಡತನದ ವಾದಕ್ಕೆ ಬಲ ಬರುತ್ತಿತ್ತು. ಹಾಗೆ ಆಗಲಿಲ್ಲ.

ಸುಲಿತದ ದರ ಮತ್ತು ಕನಿಷ್ಠ ಕೂಲಿ

ಹೋಲಿಕೆಯ ದಾರಿ ಮುಚ್ಚಿದ ಕಡೆ ಇನ್ನೊಂದು ದಾರಿ ಇದೆ. ಅದರ ಬಗ್ಗೆ ಚರ್ಚೆ ತೀರಾ ಕಡಿಮೆ. ಸಂಹಿತೆಯ 12ನೇ ಕಲಮಿನ ಪ್ರಕಾರ, ತುಂಡು ಲೆಕ್ಕದ ಕೆಲಸಕ್ಕೆ ಪ್ರತ್ಯೇಕ ಕನಿಷ್ಠ ದರ ಗೊತ್ತುಮಾಡದೆ ಕಾಲದ ಲೆಕ್ಕದ ಕನಿಷ್ಠ ಕೂಲಿಯನ್ನಷ್ಟೇ ಗೊತ್ತುಮಾಡಿದ್ದರೆ, ತುಂಡು ಲೆಕ್ಕದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಲೆಕ್ಕಕ್ಕೆಂದು ದಿನದ ಕನಿಷ್ಠ ಕೂಲಿ 500 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋ ಲೆಕ್ಕದಲ್ಲಿ ಇಡೀ ದಿನ ಸುಲಿದವಳಿಗೆ 380 ರೂಪಾಯಿ ಆದರೆ, ಉಳಿದ 120 ರೂಪಾಯಿಯನ್ನು ಕೆಲಸ ಕೊಟ್ಟವನು ತುಂಬಿಕೊಡಬೇಕು. ಇಂಥ ನಿಯಮ ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲೂ ಇತ್ತು. ಸುಲಿತದ ಚಪ್ಪರದಲ್ಲಿ ಇದರ ಹೆಸರೆತ್ತಿದವರು ಅಪರೂಪ.

ಅಡಿಕೆಯ ಬಗೆಗಳಾದ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಸರಕಿಗೆ ಎಷ್ಟು, ಗೊರಬಲಿಗೆ ಎಷ್ಟು ಎಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಯ ಧಾರಣೆ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅದೇ ಅಡಿಕೆಯನ್ನು ಸುಲಿದವರ ದರ ಎಲ್ಲಿಯೂ ಅಚ್ಚಾಗುವುದಿಲ್ಲ. ಊರಿಂದ ಊರಿಗೆ, ಮನೆಯಿಂದ ಮನೆಗೆ ಅದು ಬದಲಾಗುತ್ತದೆ. ಡಬ್ಬ ಕಂಠದ ಮಟ್ಟಕ್ಕೆ ಸಾಕೇ, ಗುಪ್ಪೆಯಾಗಿ ತುಂಬಬೇಕೇ ಎಂಬುದನ್ನು ಅಳೆದುಕೊಳ್ಳುವವರೇ ನಿರ್ಧರಿಸುತ್ತಾರೆ. ಅಳತೆಯ ನ್ಯಾಯದ ಪ್ರಶ್ನೆ ಈ ನೆಲಕ್ಕೆ ಹೊಸದೇನಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದಕ್ಕೆ ಮುಖ್ಯ ಕಾರಣವೇ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರ. ಎಚ್. ಗಣಪತಿಯಪ್ಪನವರು ಸಂಘಟಿಸಿದ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಆ ಸತ್ಯಾಗ್ರಹ ಭೂಸುಧಾರಣೆಯ ಚರ್ಚೆಗೆ ಬಲ ಕೊಟ್ಟಿತು. ಗೇಣಿದಾರ ಒಡೆಯನಾದ. ಅವನ ಅಂಗಳದಲ್ಲಿ ಸುಲಿಯುವವಳ ಡಬ್ಬದ ಗಾತ್ರ ಮಾತ್ರ ಇಂದಿಗೂ ಯಾವ ಚಳವಳಿಯ ಬೇಡಿಕೆಯೂ ಆಗಿಲ್ಲ.

ದೋಟಿ ಬಂದ ಮೇಲೆ

ಕೆಲಸದ ಹಂಚಿಕೆಯನ್ನು ಕಾನೂನಿಗಿಂತ ಮೊದಲು ಉಪಕರಣಗಳು ಅಲುಗಾಡಿಸುತ್ತಿವೆ. ಕೆಲವು ವರ್ಷಗಳಿಂದ ಮಲೆನಾಡಿನ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೊಯ್ಲಿನ ಕೋಲು, ಹರಡುತ್ತಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಗಂಡಾಳಿನ ಹೆಚ್ಚಿನ ಕೂಲಿಗೆ ಇದ್ದ ದೊಡ್ಡ ಕಾರಣ ಮರ ಏರುವ ಅಪಾಯ ಮತ್ತು ಪಳಗಿದ ಮೈ. ದೋಟಿಯಲ್ಲಿ ಆ ಅಪಾಯ ಬಹುಪಾಲು ಇಲ್ಲ. ಕುತ್ತಿಗೆ, ಭುಜಕ್ಕೆ ನೋವು ಉಂಟು, ಅಭ್ಯಾಸವೂ ಬೇಕು. ಆದರೆ ಹೆಂಗಸರು ಕಲಿಯಲಾಗದ್ದು ಅದರಲ್ಲಿ ಏನೂ ಇಲ್ಲ.

ಇಲ್ಲಿ ಸಂಹಿತೆಯ ಎರಡು ಮಾತುಗಳು ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ದೋಟಿ ಹಿಡಿದ ಹೆಣ್ಣಿಗೂ ಗಂಡಿಗೂ ಒಂದೇ ದರ ಕೊಡಬೇಕು. ಕೆಲಸಕ್ಕೆ ಕರೆಯುವಾಗ ‘ಇದು ಗಂಡಸರ ಕೆಲಸ’ ಎಂದು ಹೆಂಗಸರನ್ನು ಬಿಡುವಂತಿಲ್ಲ. ಕೌಶಲ ತರಬೇತಿ ಶಿಬಿರಗಳಿಗೆ ಹೆಂಗಸರನ್ನು ಸೇರಿಸಿದರೆ, ಮುಚ್ಚಿಹೋಗಿದ್ದ ಹೋಲಿಕೆಯ ದಾರಿ ಒಂದು ಕಡೆಯಾದರೂ ತೆರೆದುಕೊಳ್ಳುತ್ತದೆ. ಸೇರಿಸದಿದ್ದರೆ ಆಗುವುದೇನೆಂಬುದನ್ನು ಸುಲಿಯುವ ಯಂತ್ರ ತೋರಿಸಿಕೊಟ್ಟಿದೆ. ಯಂತ್ರ ಬಂದ ಕಡೆ ಅದನ್ನು ನಡೆಸುವ ಕೆಲಸ ಸಾಮಾನ್ಯವಾಗಿ ಗಂಡಸಿನ ಪಾಲಾಯಿತು. ಯಂತ್ರ ಬಿಟ್ಟುಕೊಟ್ಟ ಕಾಯಿಯನ್ನು ಕೈಯಲ್ಲಿ ಸುಲಿಯುವುದು, ಸಿಪ್ಪೆ ಎತ್ತುವುದು ಹೆಂಗಸರಿಗೆ ಉಳಿಯಿತು.

ಲೆಕ್ಕದ ಪುಸ್ತಕವಿಲ್ಲದ ಕಡೆ ಸಾಬೀತು ಮಾಡುವುದು ಹೇಗೆ

ತೋಟದ ಕೂಲಿಗೆ ಸಂಹಿತೆ ಅನ್ವಯಿಸುತ್ತದೆಯೇ ಎಂಬ ಅನುಮಾನ ಹಲವರಿಗಿದೆ. ಅನ್ವಯಿಸುತ್ತದೆ. ಅದರ ಸುಳಿವು 50ನೇ ಕಲಮಿನ ಒಂದು ವಿನಾಯಿತಿಯಲ್ಲೇ ಇದೆ. ಮಾಲೀಕರೆಲ್ಲರೂ ಕೂಲಿಯ ದಾಖಲೆ ಪುಸ್ತಕ ಇಡಬೇಕು, ವೇತನ ಚೀಟಿ ಕೊಡಬೇಕು. ಆದರೆ ಕೃಷಿಗೆ ಅಥವಾ ಮನೆಗೆಲಸಕ್ಕೆ ಐದು ಜನರಿಗೆ ಮೀರದಂತೆ ಇಟ್ಟುಕೊಂಡವರಿಗೆ ಇದರಿಂದ ಬಿಡುವು ಇದೆ. ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ತಕ್ಕ ಪುರಾವೆ ತೋರಿಸಿದರೆ ಸಾಕು.

ಸಣ್ಣ ರೈತನಿಗೆ ಕಾಗದಪತ್ರದ ಹೊರೆ ಬೇಡವೆಂಬ ಉದ್ದೇಶ ಸರಿಯಾದದ್ದೇ. ಪರಿಣಾಮ ಮಾತ್ರ ಬೇರೆ. ಮಲೆನಾಡಿನ ಎಷ್ಟೋ ತೋಟಗಳು ವರ್ಷದ ಹೆಚ್ಚಿನ ದಿನ ಐದು ಆಳಿನೊಳಗೇ ನಡೆಯುತ್ತವೆ. ಅಲ್ಲಿ ಯಾರಿಗೆ ಎಷ್ಟು ಕೊಟ್ಟರು ಎಂಬ ಬರಹವೇ ಇಲ್ಲದಿದ್ದರೆ ಇಬ್ಬರ ನಡುವಿನ ವ್ಯತ್ಯಾಸವನ್ನು ತೋರಿಸುವುದು ಹೇಗೆ? ಕೊಯ್ಲಿನಲ್ಲಿ ಚೇಣಿದಾರ, ಅಂದರೆ ತೋಟದ ಫಸಲನ್ನೇ ಕೊಂಡವನು, ಬಂದರೆ ಪ್ರಶ್ನೆ ಇನ್ನೂ ಜಟಿಲ. ಫಸಲು ಅವನದು, ಆಳುಗಳು ಅವನು ಕರೆತಂದವರು, ಎಷ್ಟೋ ಸಲ ಬಯಲುಸೀಮೆಯಿಂದ ಬಂದವರು. ತೋಟದ ಯಜಮಾನನಿಗೂ ಅವರಿಗೂ ಮಾತೇ ಇರುವುದಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಹೊಣೆ ಸಂಸ್ಥೆಯ ಒಡೆಯನದು ಎಂದು ಸಂಹಿತೆ ಹೇಳುತ್ತದೆ. ಫಸಲನ್ನೇ ಕೊಂಡ ಚೇಣಿದಾರ ಗುತ್ತಿಗೆದಾರನೋ, ಅವನೇ ಒಡೆಯನೋ ಎಂಬುದು ಇತ್ಯರ್ಥವಾಗಬೇಕಾದ ವಿಷಯ.

ದೂರು ಕೊಡುವ ಹಾದಿಯಲ್ಲಿ ಕೆಲವು ಅನುಕೂಲಗಳಾಗಿವೆ. ಕನಿಷ್ಠ ವೇತನ ಕಾಯ್ದೆಯಡಿ ಬಾಕಿ ಕೇಳಲು ಆರು ತಿಂಗಳ ಅವಧಿ ಇತ್ತು, ಈಗ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಕಡಿಮೆ ಕೊಟ್ಟರೆಂಬ ದೂರು ಬಂದಾಗ, ಸರಿಯಾಗಿ ಕೊಟ್ಟಿದ್ದೇವೆಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಇದು ಸಣ್ಣ ಬದಲಾವಣೆಯಲ್ಲ.

ಬಿಗಿ ಸಡಿಲಿದ ಕಡೆಗಳೂ ಇವೆ. ಸಮಾನ ಸಂಭಾವನೆ ಕಾಯ್ದೆಯಲ್ಲಿ ಮೊದಲ ತಪ್ಪಿಗೇ ಜೈಲು ಶಿಕ್ಷೆಯ ಅವಕಾಶವಿತ್ತು. ಸಂಹಿತೆಯಲ್ಲಿ ಕಡಿಮೆ ಕೂಲಿ ಕೊಟ್ಟ ಮೊದಲ ತಪ್ಪಿಗೆ 50,000 ರೂಪಾಯಿವರೆಗಿನ ದಂಡ ಮಾತ್ರ. ಐದು ವರ್ಷದೊಳಗೆ ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಹಳೆಯ ಕಾಯ್ದೆಯಲ್ಲಿ ಮಾನ್ಯತೆ ಪಡೆದ ಕಲ್ಯಾಣ ಸಂಸ್ಥೆಯೂ ನ್ಯಾಯಾಲಯಕ್ಕೆ ದೂರು ಒಯ್ಯಬಹುದಿತ್ತು. ಹೊಸದರಲ್ಲಿ ಸರ್ಕಾರದ ಅಧಿಕಾರಿ, ಸ್ವತಃ ನೌಕರರು ಮತ್ತು ನೋಂದಾಯಿತ ಕಾರ್ಮಿಕ ಸಂಘಕ್ಕೆ ಮಾತ್ರ ಆ ಹಕ್ಕು. ಮಲೆನಾಡಿನ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಗುಂಪುಗಳು, ಸ್ವಸಹಾಯ ಸಂಘಗಳು ಹೇರಳ. ತೋಟದ ಕೂಲಿಕಾರ್ತಿಯರ ನೋಂದಾಯಿತ ಕಾರ್ಮಿಕ ಸಂಘವನ್ನು ಹುಡುಕಿಕೊಂಡು ಹೋಗಬೇಕು. ನಾಳೆಯೂ ಅದೇ ಯಜಮಾನನ ಮನೆಗೆ ಕೆಲಸಕ್ಕೆ ಹೋಗಬೇಕಾದ ಹೆಂಗಸು ಒಬ್ಬಳೇ ಶಿವಮೊಗ್ಗದ ಕಾರ್ಮಿಕ ಕಚೇರಿಗೆ ಹೋಗಿ ಅವನ ಮೇಲೆ ದೂರು ಕೊಡುತ್ತಾಳೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಸಾಲ, ಹಬ್ಬದ ಮುಂಗಡ, ಮನೆ ಕಟ್ಟಿದ ಜಾಗ, ಕಾಯಿಲೆ ಬಿದ್ದಾಗಿನ ನೆರವು ಎಲ್ಲವೂ ಆ ಸಂಬಂಧದೊಳಗೆ ಹೆಣೆದುಕೊಂಡಿವೆ.

ಬೇರೆ ಕೆಲಸ ಸಿಗುವುದೇ ದೊಡ್ಡ ಬಲ

ಕಾನೂನು ತಲುಪದ ಕಡೆ ಹೆಣ್ಣಾಳಿನ ಕೂಲಿಗೆ ಬಲ ತಂದದ್ದು, ಬೇರೆಡೆ ಕೆಲಸ ಸಿಗುತ್ತದೆ ಎಂಬ ಸಾಧ್ಯತೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಕರ್ನಾಟಕದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. ಪಂಚಾಯಿತಿ ಕೆಲಸಕ್ಕೆ ಹೋದರೆ ಇಷ್ಟು ಸಿಗುತ್ತದೆ ಎಂಬ ಅರಿವೇ ತೋಟದ ಕೂಲಿಯ ಮಾತುಕತೆಯಲ್ಲಿ ಹೆಂಗಸರ ದನಿಯನ್ನು ಒಂದಿಷ್ಟು ಗಟ್ಟಿ ಮಾಡಿತು. 2025ರ ಡಿಸೆಂಬರ್‌ನಲ್ಲಿ ಆ ಯೋಜನೆಯ ಜಾಗಕ್ಕೆ ಸಂಸತ್ತು ಹೊಸ ಕಾಯ್ದೆ ತಂದಿದೆ. ಖಾತರಿಯ ದಿನಗಳು 100ರಿಂದ 125ಕ್ಕೆ ಏರಿವೆ. ಜೊತೆಗೆ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶವಿದೆ. ಕೃಷಿಗೆ ಆಳು ಸಿಗಲಿ ಎಂಬುದು ಅದರ ಉದ್ದೇಶ, ಬೆಳೆಗಾರರ ಬಹುಕಾಲದ ಬೇಡಿಕೆಯೂ ಹೌದು. ಆದರೆ ನಾಟಿ ಮತ್ತು ಕೊಯ್ಲಿನಲ್ಲೇ ಆಳಿಗೆ ಬೇಡಿಕೆ ಹೆಚ್ಚು, ಕೂಲಿ ಏರಿಸಿ ಕೇಳಲು ತಕ್ಕ ಸಮಯವೂ ಅದೇ. ಆ ಹೊತ್ತಿಗೇ ಪರ್ಯಾಯ ಕೆಲಸ ನಿಂತರೆ ನಷ್ಟ ಮೊದಲು ತಟ್ಟುವುದು ಹೆಣ್ಣಾಳಿಗೆ. ಸಮಾನ ವೇತನದ ಸಂಹಿತೆ ಕೊಟ್ಟದ್ದನ್ನು ಇನ್ನೊಂದು ಕಾಯ್ದೆ ಹಿಂದಿನ ಬಾಗಿಲಿನಿಂದ ಕಸಿದುಕೊಳ್ಳುವ ಅಪಾಯ ಇದು.

ಶಿವಮೊಗ್ಗ, ಭದ್ರಾವತಿ ಸುತ್ತಿನ ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಮಾಚೇನಹಳ್ಳಿ ಕಡೆಯ ಸಿದ್ಧ ಉಡುಪು ಕಾರ್ಖಾನೆ. ಅಂಥ ಕಾರ್ಖಾನೆಗಳಲ್ಲಿ ವೇತನ ಚೀಟಿ, ಭವಿಷ್ಯನಿಧಿ ಇರುತ್ತವೆ. ಹೊಲಿಗೆ ಯಂತ್ರದ ಸಾಲಿನಿಂದ ಮೇಲ್ವಿಚಾರಕಿಯ ಕುರ್ಚಿಗೆ ಏರುವ ಪ್ರಶ್ನೆ ಬಂದಾಗಲೇ ಬಡ್ತಿಯ ಮಾತು ಸಂಹಿತೆಯಲ್ಲಿ ಮಸುಕಾಗಿರುವುದು ಕಾಡುತ್ತದೆ. ನಾಲ್ಕು ಸಂಹಿತೆಗಳಲ್ಲಿ ಇನ್ನೊಂದಾದ ಸುರಕ್ಷತೆಯ ಸಂಹಿತೆ ಹೆಂಗಸರಿಗೆ ಅವರ ಒಪ್ಪಿಗೆಯ ಮೇರೆಗೆ ರಾತ್ರಿ ಪಾಳಿಯನ್ನೂ ತೆರೆದಿದೆ. ಆದರೆ ಒಳ ಮಲೆನಾಡಿಗೆ ಸಂಜೆಯ ಮೇಲೆ ಬಸ್ಸೇ ಇಲ್ಲದಿದ್ದರೆ ಆ ಹಕ್ಕು ಯಾರಿಗೆ? 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಕೂಲಿಯ ಅಂತರಕ್ಕೂ ಬಸ್ಸಿಗೂ ಏನು ಸಂಬಂಧ ಎಂದು ಕೇಳುವವರು ಇದನ್ನು ಗಮನಿಸಬೇಕು. ಹತ್ತಿರದ ತೋಟವೊಂದೇ ದಿಕ್ಕಾದವಳಿಗೆ ಅಲ್ಲಿನ ದರವನ್ನು ಒಪ್ಪದೆ ಗತಿಯಿಲ್ಲ.

ಮುಟ್ಟಿನ ರಜೆಯ ತಕರಾರು

ಇದೇ ಹೊತ್ತಿಗೆ ರಾಜ್ಯ ಸರ್ಕಾರ ವರ್ಷಕ್ಕೆ 12 ದಿನದ ವೇತನಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಕಾರ್ಖಾನೆ, ಅಂಗಡಿ, ನೋಂದಾಯಿತ ಪ್ಲಾಂಟೇಶನ್, ಬೀಡಿ ಉದ್ಯಮ, ಸಾರಿಗೆ ಅದರ ವ್ಯಾಪ್ತಿಯಲ್ಲಿವೆ. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಇಂಥ ರಜೆಯಿಂದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಕಡಿಮೆಯಾಗುತ್ತದೆ ಎಂಬ ಆತಂಕ ಹೆಂಗಸರ ಪರ ಇರುವವರಲ್ಲೂ ಇದೆ. ಆ ಆತಂಕಕ್ಕೆ ಉತ್ತರ ರಜೆ ಕೈಬಿಡುವುದಲ್ಲ. ನೇಮಕದಲ್ಲಿ ತಾರತಮ್ಯ ನಿಷೇಧಿಸುವ 3ನೇ ಕಲಮನ್ನು ನಿಜವಾಗಿ ಬಳಸುವುದು. ಚಿಕ್ಕಮಗಳೂರಿನ ದೊಡ್ಡ ಕಾಫಿ ಎಸ್ಟೇಟಿನ ಕಾರ್ಮಿಕಳು ಈ ಆದೇಶದೊಳಗೆ ಬರುತ್ತಾಳೆ. ಅಡಿಕೆ ತೋಟದ ದಿನಗೂಲಿಯವಳು ಬರುವುದಿಲ್ಲ.

ಸಂಹಿತೆ ಮಾತನಾಡದ ಜಾತಿ

3ನೇ ಕಲಮು ಹೆಸರಿಸುವುದು ಲಿಂಗವನ್ನು ಮಾತ್ರ. ಕೂಲಿಯವರು ಎಲ್ಲಿಯವರೆಗೆ ಬರಬಹುದು, ಊಟ ಎಲ್ಲಿ, ಯಾವ ಎಲೆಯಲ್ಲಿ, ಲೋಟ ಯಾವುದು, ಬೇಯಿಸುವ ಹಂಡೆಯ ಬಳಿ ಯಾರು, ಗೊಬ್ಬರದ ಗುಂಡಿಯಲ್ಲಿ ಯಾರು ಎಂಬುದನ್ನು ಜಾತಿ ನಿರ್ಧರಿಸುವ ಮನೆಗಳು ಇಂದಿಗೂ ಇವೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ, 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧಗಳನ್ನು ಶಿಕ್ಷಿಸುತ್ತದೆ. ಆದರೆ ಖಾಸಗಿ ಕೆಲಸದಲ್ಲಿ ಜಾತಿಯ ಕಾರಣಕ್ಕೆ ಕಡಿಮೆ ದರದ ಕೆಲಸಕ್ಕೇ ತಳ್ಳಿದರೆ, ಅದನ್ನು ವೇತನ ತಾರತಮ್ಯವೆಂದು ಪ್ರಶ್ನಿಸಲು ಸಂಹಿತೆಯಲ್ಲಿ ಜಾಗವಿಲ್ಲ. ಅತಿ ಕಡಿಮೆ ಕೂಲಿಯ ಕೆಲಸದಲ್ಲಿ ಇರುವವರು ಬಹುತೇಕ ದಲಿತ ಮತ್ತು ಹಿಂದುಳಿದ ಸಮುದಾಯಗಳ ಹೆಂಗಸರೇ. ಅವರ ಕೂಲಿ ಇಳಿಸಿದ ಎರಡು ಕಾರಣಗಳಲ್ಲಿ ಒಂದನ್ನು ಮಾತ್ರ ಕಾನೂನು ಕಾಣುತ್ತದೆ.

ಇನ್ನು ಮುಂದೆ

ಕಾನೂನು ಬಂದ ಮಾತ್ರಕ್ಕೆ ಮುಂದಿನ ಕೊಯ್ಲಿನಲ್ಲಿ ಕೂಲಿ ಸಮವಾಗುವುದಿಲ್ಲ. ಹೆಚ್ಚು ಸಂಭವನೀಯವಾದದ್ದು ಬೇರೆ: ಇಬ್ಬರೂ ಒಂದೇ ಸಾಲಿನಲ್ಲಿ ಮಾಡುತ್ತಿದ್ದ ಕೆಲಸಗಳೂ ದಿನಗೂಲಿಯಿಂದ ಗುತ್ತಿಗೆಗೆ, ತುಂಡು ಲೆಕ್ಕಕ್ಕೆ ತಿರುಗುತ್ತವೆ. ನಾಟಿಯಲ್ಲಿ ಇದು ಆಗಲೇ ನಡೆದಿದೆ. ಎಕರೆಗೆ ಇಷ್ಟು ಎಂದು ಹೆಂಗಸರ ಗುಂಪೇ ಗುತ್ತಿಗೆ ಹಿಡಿಯುತ್ತದೆ. ಗುಂಪು ಗಟ್ಟಿಯಾಗಿದ್ದ ಕಡೆ ಅದರಿಂದ ದಿನಗೂಲಿಗಿಂತ ಹೆಚ್ಚು ಸಿಕ್ಕಿದೆ. ಹೀಗಾಗಿ ಗುತ್ತಿಗೆಯೇ ಶತ್ರುವಲ್ಲ. ದರ ಹೇಳುವ ಬಾಯಿ ಯಾರದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಉಳಿದದ್ದು ರಾಜ್ಯ ಸರ್ಕಾರದ ಕೈಯಲ್ಲಿದೆ. ಹೊಸ ನಿಯಮಗಳು ಬರುವವರೆಗೆ, ಸಂಹಿತೆಗೆ ವಿರುದ್ಧವಲ್ಲದ ಮಟ್ಟಿಗೆ ಹಳೆಯ ನಿಯಮಗಳೇ ನಡೆಯುತ್ತವೆ. ಯಾವುದು ಒಂದೇ ಬಗೆಯ ಕೆಲಸ ಎಂಬ ವಿವಾದವನ್ನು ತೀರ್ಮಾನಿಸುವ ಪ್ರಾಧಿಕಾರವನ್ನು 4ನೇ ಕಲಮಿನಡಿ ಸರ್ಕಾರವೇ ಹೆಸರಿಸಬೇಕು. ಆ ಅಧಿಕಾರಿ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಸಿಗುವಂತಿದ್ದರೆ ಒಂದು ಮಾತು, ಬೆಂಗಳೂರಿನಲ್ಲಿ ಕೂತಿದ್ದರೆ ಇನ್ನೊಂದು ಮಾತು. ಅಡಿಕೆ ಸುಲಿತಕ್ಕೆ ಕಿಲೋ ಲೆಕ್ಕದ ಕನಿಷ್ಠ ದರವನ್ನು ಪ್ರತ್ಯೇಕವಾಗಿ ಗೊತ್ತುಮಾಡುವ ಅಧಿಕಾರವೂ ಸರ್ಕಾರಕ್ಕಿದೆ. ಹಾಗೆ ಮಾಡಿದರೆ ಸಾವಿರಾರು ಅಂಗಳಗಳ ಲೆಕ್ಕ ಒಂದೇ ಆದೇಶದಲ್ಲಿ ಬದಲಾಗುತ್ತದೆ, ದೂರು ಕೊಡುವ ಧೈರ್ಯವನ್ನು ಒಬ್ಬೊಬ್ಬ ಹೆಂಗಸಿನಿಂದ ಬೇಡಬೇಕಾಗುವುದಿಲ್ಲ. ಕನಿಷ್ಠ ವೇತನದ ಬಗ್ಗೆ ಸಲಹೆ ಕೊಡುವ ರಾಜ್ಯ ಮಂಡಳಿಯಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕೆಂದು ಸಂಹಿತೆಯೇ ಹೇಳಿದೆ. ಆ ಸ್ಥಾನಗಳಲ್ಲಿ ಒಂದಾದರೂ ತೋಟದ ಕೂಲಿ ಮಾಡಿದವಳಿಗೆ ಸಿಗಬೇಕೆಂಬ ಬೇಡಿಕೆಯನ್ನು ಇಡಬೇಕಾದ್ದು ಮಂಡಳಿ ರಚನೆಯಾದ ಮೇಲಲ್ಲ, ಈಗ.